ಹಿಂಬದಿಯ ಹಾಡು

ನಮ್ಮಲ್ಲಿ ಜಾನಕಿಯಮ್ಮ ಹಾಡಿದ್ದೂ ನಾಯಕಿಯ ಹಾಡಾಗಿಬಿಡುತ್ತದೆ, ಇಲ್ಲಿ ಹಾಡು ಹಾಡಿದವರದ್ದೇ ಅನ್ನುವ ಮಾತು ನ್ಯೂಜೆರ್ಸಿಯ ಕನ್ನಡಿಗರ ನಡುವೆ ಸಲೀಸಾಗಿ ಓಡುತ್ತದೆ. ಇದೇ ರಾಜ್ಯದ ನೆವಾರ್ಕ್‌ನಲ್ಲಿ ಹುಟ್ಟಿದ ಡಿಸ್ಕೊ ಗಾಯಕಿ ಗ್ಲೋರಿಯಾ ಗೇನರ್ ಅವರ ವೃತ್ತಿ ನೋಡಿದರೆ ನನಗೆ ಹಾಗನ್ನಿಸುವುದಿಲ್ಲ.

1975ರ ಅವರ ಆಲ್ಬಮ್‌ನ ಮೊದಲ ಬದಿಯಲ್ಲಿ, ಧ್ವನಿಮುದ್ರಣವನ್ನು ಕುಣಿತಕ್ಕೆ ಹೊಂದಿಸುವ ಮಿಕ್ಸರ್ ಟಾಮ್ ಮೌಲ್ಟನ್ ಮೂರು ಹಾಡುಗಳನ್ನು ಬಿಡುವೇ ಇಲ್ಲದಂತೆ ಬೆಸೆದರು, ಸುಮಾರು 19 ನಿಮಿಷ. ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡುಗಳ ನಡುವೆ ನಿರೂಪಕರು ಎಷ್ಟು ಮಾತಾಡಿದರೂ ಜನ ಕೂತೇ ಇರುತ್ತಾರೆ. ಡಿಸ್ಕೊದಲ್ಲಿ ತಾಳ ನಿಂತರೆ ಕುಣಿಯುವವರು ಚದುರಿಬಿಡುತ್ತಾರೆ. ಹಾಗಾಗಿ ವಾದ್ಯದ ಭಾಗ ಎಳೆಯಬೇಕು, ಅಷ್ಟು ಹೊತ್ತು ಗಾಯಕಿ ಸುಮ್ಮನಿರಬೇಕು. 7 ಇಂಚಿನ ಗ್ರಾಮಫೋನ್ ತಟ್ಟೆಯಲ್ಲಿ ಉದ್ದದ ಹಾಡು ತುರುಕಿದರೆ ಗೀರುಗಳು ಇಕ್ಕಟ್ಟಾಗಿ ದನಿ ತಗ್ಗುತ್ತದೆ, ಮೊದಲು ಸೊರಗುವುದು ಡ್ರಮ್ಮಿನ ಗುದ್ದು. 12 ಇಂಚಿನ ಸಿಂಗಲ್ ಬಳಕೆಗೆ ಬಂದದ್ದು ಇದಕ್ಕೇ.

1978ರಲ್ಲಿ ಗೇನರ್ ಅವರ ಸಿಂಗಲ್ ತಟ್ಟೆಯ ಮುಂಬದಿಗೆ ರೆಕಾರ್ಡ್ ಕಂಪನಿ ಹಾಕಿದ್ದು ‘ಸಬ್‌ಸ್ಟಿಟ್ಯೂಟ್’. ವೇದಿಕೆಯಲ್ಲಿ ಬಿದ್ದು ಬೆನ್ನಿಗೆ ಪೆಟ್ಟಾಗಿ, ಬೆನ್ನುಪಟ್ಟಿ ಕಟ್ಟಿಕೊಂಡೇ ಗೇನರ್ ಹಾಡಿದ ‘ಐ ವಿಲ್ ಸರ್ವೈವ್’ ಹಿಂಬದಿಗೆ ಹೋಯಿತು. ನ್ಯೂಯಾರ್ಕಿನ ಡಿಸ್ಕೊ ಕ್ಲಬ್ ಸ್ಟುಡಿಯೊ 54ರ ಡಿಜೆ ರಿಚಿ ಕ್ಯಾಜರ್ ಅಂಥವರು ತಟ್ಟೆ ತಿರುವಿ ಹಾಕದಿದ್ದರೆ ಅದು ಅಲ್ಲೇ ಉಳಿಯುತ್ತಿತ್ತೋ ಏನೋ. 1979ರ ಮಾರ್ಚಿಗೆ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನ. ನಮ್ಮಲ್ಲಿ ಹಾಡಿನ ಹಣೆಬರಹ ಬರೆಯುವವರು ಸಂಗೀತ ನಿರ್ದೇಶಕರು, ನಿರ್ಮಾಪಕರು. ಅಲ್ಲಿ ಕಂಪನಿ, ಡಿಜೆ. ಹಾಡಿದವರ ಕೈಯಲ್ಲಿ ಎಲ್ಲಿತ್ತು?

ಅದೇ ವರ್ಷ ಜುಲೈ 12ರಂದು ಶಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ವಿರೋಧಿಗಳು ಡಿಸ್ಕೊ ತಟ್ಟೆಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಮರುವರ್ಷ ಗೇನರ್ ಅವರಿಗೆ ಡಿಸ್ಕೊ ವಿಭಾಗದ ಗ್ರ್ಯಾಮಿ ಬಂತು, ಆಮೇಲೆ ಆ ವಿಭಾಗವೇ ಇಲ್ಲ. ಅವರ ಮುಂದಿನ ಗ್ರ್ಯಾಮಿ 2020ರಲ್ಲಿ, ಗಾಸ್ಪೆಲ್ ಅನ್ನುವ ಕ್ರೈಸ್ತ ಭಕ್ತಿಗೀತೆಗಳಿಗೆ. ಹಣೆಪಟ್ಟಿ ಅಂಟಿದರೆ ಹೀಗೆ. ಜೋಗುಳ, ದೇವರನಾಮ, ಪ್ರೇಮಗೀತೆ ಎಲ್ಲವನ್ನೂ ಹಾಡಿದ ಜಾನಕಿಯಮ್ಮನವರನ್ನು ಯಾವುದೇ ಒಂದು ಅಲೆ ಇಳಿದು ಮುಳುಗಿಸಲಿಲ್ಲ. ನಾವು ಹಳಿಯುವ ಸಿನಿಮಾ ಪದ್ಧತಿಯ ಈ ಲಾಭವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೂಟದ ಕರೋಕೆಯಲ್ಲಿ ‘ಐ ವಿಲ್ ಸರ್ವೈವ್’ಗೆ ಕೈಹಾಕುವವರು ಎಡವುವುದು ಶುರುವಿನಲ್ಲೇ. ಪಿಯಾನೊ ಝರಿಯಂತೆ ಇಳಿದ ಮೇಲಿನ ಸಾಲುಗಳಿಗೆ ತಾಳವಿಲ್ಲ, ಆಲಾಪದಂತೆ ಬಿಡಿಸಿ ಹಾಡಬೇಕು. ಆಮೇಲೆ ನಿಮಿಷಕ್ಕೆ ಸುಮಾರು 117 ಗುದ್ದು. ಪಲ್ಲವಿಗೂ ಚರಣಕ್ಕೂ ಬೇರೆ ಬೇರೆ ಸ್ವರಮೇಳವಿಲ್ಲ, ನಾಲ್ಕು ಮಾತ್ರೆಯ ಎಂಟು ಆವರ್ತಗಳೇ ಕೊನೆಯತನಕ ಸುತ್ತುತ್ತವೆ. ಜಾಗ ತಪ್ಪಿದರೆ ಗಾಬರಿ ಬೇಡ, ಮುಂದಿನ ಸುತ್ತಿಗೆ ಸೇರಿಕೊಂಡರಾಯಿತು.