ಎಷ್ಟು ಎಪಿ?

ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದೆ. ತಟ್ಟೆಗೆ ಇನ್ನೂ ಕೋಸಂಬರಿ ಬಿದ್ದಿರಲಿಲ್ಲ, ಹಿಂದೆ ನಿಂತವರು ಕೇಳಿಯೇ ಬಿಟ್ಟರು. "ನಿಮ್ಮ ಮಗಳದು ಈ ವರ್ಷ ಎಷ್ಟು ಎಪಿ?"

ಎಷ್ಟು ಅಂತ. ಯಾವುದು ಅಂತ ಅಲ್ಲ.

"ಎರಡು" ಅಂದೆ. "ಓ, ಎರಡೇನಾ?" ಅಂದರು. ಅವರ ಮಗನದು ಐದಂತೆ. ಹುಡುಗ ರಾತ್ರಿ ಒಂದು ಗಂಟೆಗೆ ಮುಂಚೆ ಮಲಗುವುದಿಲ್ಲ ಅಂತ ಹೆಮ್ಮೆಯಿಂದಲೇ ಹೇಳಿದರು. ಅವನು ಊಟಕ್ಕೂ ಬಂದಿರಲಿಲ್ಲ, ಪಾಪ.

ಊರಿನಲ್ಲಿರುವ ಗೆಳೆಯರಿಗೆ ಸ್ವಲ್ಪ ವಿವರ. ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಅಮೆರಿಕದ ಮಕ್ಕಳು ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಮೊದಲ ವರ್ಷದ ಪಾಠ ಓದುವ ಏರ್ಪಾಡು. ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ಪರೀಕ್ಷೆ ನಡೆಸುತ್ತದೆ. 1ರಿಂದ 5ರವರೆಗೆ ಸ್ಕೋರ್, 3 ಬಂದರೆ ಪಾಸಾದಂತೆ. ಒಂದೊಂದು ಪರೀಕ್ಷೆಗೆ ಸುಮಾರು 100 ಡಾಲರ್. ವಿಜ್ಞಾನದಲ್ಲಿ ಬಯಾಲಜಿ, ಕೆಮಿಸ್ಟ್ರಿ, ಎನ್ವಿರಾನ್‌ಮೆಂಟಲ್ ಸೈನ್ಸ್ ಇವೆ. ಫಿಸಿಕ್ಸ್ ಒಂದರಲ್ಲೇ ನಾಲ್ಕು ಬಗೆ.

ನನ್ನ ಮಗಳು ತಗೊಂಡದ್ದು ಕೆಮಿಸ್ಟ್ರಿ ಮತ್ತು ಫಿಸಿಕ್ಸ್ 1. ಫಿಸಿಕ್ಸ್ 1 ಅಂದಾಗ ನಾನು ಒಳಗೊಳಗೇ ನಕ್ಕಿದ್ದೆ. ಅದರಲ್ಲಿ ಕ್ಯಾಲ್ಕುಲಸ್ ಕೂಡ ಇಲ್ಲ, ಬರೀ ಆಲ್ಜಿಬ್ರಾ. ಹಾಸನದಲ್ಲಿ ಪಿಯುಸಿ ಮಾಡಿ, ಆಮೇಲೆ ಎಂಜಿನಿಯರಿಂಗ್ ಮುಗಿಸಿದವಳು ನಾನು. ಇದೇನು ಮಹಾ ಅಂದುಕೊಂಡಿದ್ದೆ.

ಒಂದು ಸಂಜೆ ಅವಳು ಒಂದು ಪ್ರಶ್ನೆ ತಂದಳು. ಒಂದು ಗಟ್ಟಿ ಉರುಳೆ, ಒಂದು ಬಳೆಯಂಥ ಉಂಗುರ. ತೂಕ ಒಂದೇ, ಅಗಲವೂ ಒಂದೇ. ಇಳಿಜಾರಿನ ಮೇಲಿಂದ ಎರಡನ್ನೂ ಒಟ್ಟಿಗೆ ಬಿಟ್ಟರೆ ಮೊದಲು ಕೆಳಗೆ ಬರುವುದು ಯಾವುದು, ಯಾಕೆ? ನಾನು ಪೆನ್ ಕಿತ್ತುಕೊಂಡೆ. ಎರಡು ನಿಮಿಷದಲ್ಲಿ ಸೂತ್ರ ಹಾಕಿ ಬಿಡಿಸಿದೆ. ಉರುಳೆಯ ವೇಗೋತ್ಕರ್ಷ ಮೂರನೇ ಎರಡು ಭಾಗ ಜಿ ಸೈನ್ ಥೀಟಾ, ಉಂಗುರದ್ದು ಅರ್ಧ. ಉರುಳೆಯೇ ಮೊದಲು. ಕೆಳಗೆ ಗೆರೆ ಎಳೆದು ಬಾಕ್ಸ್ ಕೂಡ ಹಾಕಿದೆ.

"ಅಮ್ಮಾ, ಇದಕ್ಕೆ ಪೂರ್ತಿ ಮಾರ್ಕ್ಸ್ ಬರಲ್ಲ. ಸಮೀಕರಣ ಇಲ್ಲದೆ ಮಾತಲ್ಲಿ ಬರೀಬೇಕು. ಯಾಕೆ ಅಂತ ಹೇಳು."

ಹೇಳಲಿಕ್ಕೆ ಹೋದೆ. ಬರಲಿಲ್ಲ! ಉಂಗುರದ ಮೊಮೆಂಟ್ ಆಫ್ ಇನರ್ಷಿಯಾ ಜಾಸ್ತಿ ಅಂದೆ. "ಜಾಸ್ತಿ ಆದ್ರೆ ಏನಾಗುತ್ತೆ?" ಅಂದಳು. ಹತ್ತು ನಿಮಿಷ ತಡವರಿಸಿದೆ. ಕೊನೆಗೆ ಅವಳೇ ಹೇಳಿದಳು. ಉಂಗುರದ ತೂಕವೆಲ್ಲ ಅಂಚಿನಲ್ಲಿದೆ. ಇಳಿಯುವಾಗ ಎರಡಕ್ಕೂ ಸಿಗುವ ಶಕ್ತಿ ಒಂದೇ. ಉಂಗುರಕ್ಕೆ ಅದರಲ್ಲಿ ಜಾಸ್ತಿ ಪಾಲು ಬರೀ ತಿರುಗುವುದಕ್ಕೇ ಖರ್ಚಾಗುತ್ತದೆ, ಮುಂದೆ ಹೋಗಲು ಉಳಿಯುವುದು ಕಡಿಮೆ. ಆಮೇಲೆ ಪುಸ್ತಕದ ಕಪಾಟಿನ ಹಲಗೆ ಕಿತ್ತು ಓರೆಯಾಗಿ ಇಟ್ಟೆವು. ಮುಗಿಯುತ್ತಾ ಬಂದಿದ್ದ ಟೇಪಿನ ಉಂಗುರ ಒಂದು ಕಡೆ, ಟಾರ್ಚಿನ ಬ್ಯಾಟರಿ ಇನ್ನೊಂದು ಕಡೆ. ಪ್ರತಿ ಸಲವೂ ಬ್ಯಾಟರಿಯೇ ಗೆದ್ದಿತು. ಅಗಲ ಬೇರೆ ಬೇರೆ ಇದ್ದರೂ ಲೆಕ್ಕ ಬದಲಾಗುವುದಿಲ್ಲ ಅನ್ನುವುದನ್ನೂ ಅವತ್ತೇ ಮೊದಲ ಸಲ ಕಣ್ಣಾರೆ ನೋಡಿದೆ. ನನಗೆ ಆಗ ನಲವತ್ತಾರು ವಯಸ್ಸು.

ಸುಲಭ ಅಂದುಕೊಂಡ ಈ ಫಿಸಿಕ್ಸ್ 1ರಲ್ಲಿ 2015ರಿಂದ ಎಷ್ಟೋ ವರ್ಷ ಅರ್ಧದಷ್ಟು ಮಕ್ಕಳಿಗೂ 3 ಬರುತ್ತಿರಲಿಲ್ಲ. ಯಾಕೆ ಅಂತ ಆ ಸಂಜೆ ಅರ್ಥವಾಯಿತು.

ಕೆಮಿಸ್ಟ್ರಿಯ ಕಥೆ ಇನ್ನೂ ಮಜಾ. ಎಪಿ ವಿಜ್ಞಾನದ ತರಗತಿಗಳಲ್ಲಿ ಕಾಲು ಭಾಗ ಸಮಯ ಲ್ಯಾಬಿಗೇ ಹೋಗಬೇಕು ಅಂತ ನಿಯಮ. ಅವಳಿಗೆ ಕೊಟ್ಟ ಒಂದು ಪ್ರಯೋಗ ಇದು: ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿಯ ಮೇಲೆ 3 ಪರ್ಸೆಂಟ್ ಅಂತ ಬರೆದಿದೆ, ನಿಜವಾಗಿಯೂ ಎಷ್ಟಿದೆ ಕಂಡುಹಿಡಿಯಿರಿ. ಬ್ಯೂರೆಟ್ಟಿನಲ್ಲಿ, ಅಂದರೆ ಅಳತೆ ಗುರುತಿನ ಉದ್ದ ಗಾಜಿನ ಕೊಳವೆಯಲ್ಲಿ, ಪೊಟ್ಯಾಸಿಯಂ ಪರ್ಮಾಂಗನೇಟ್. ಆಹಾ, ನನ್ನ ಹಳೇ ಗೆಳೆಯ! ಇದೇ ನೇರಳೆ ನೀರು ಹಾಕಿ ನಾವು ಪಿಯುಸಿಯಲ್ಲಿ ಆಕ್ಸಾಲಿಕ್ ಆಸಿಡ್ ಟೈಟ್ರೇಷನ್ ಮಾಡಿದ್ದೆವು. ಬಿಸಿ ಮಾಡುವುದು, ತೊಟ್ಟು ತೊಟ್ಟಾಗಿ ಬಿಡುವುದು, ತಿಳಿ ಗುಲಾಬಿ ಬಣ್ಣ ನಿಂತ ತಕ್ಷಣ ನಿಲ್ಲಿಸುವುದು. ಕೈಗೆ ಇನ್ನೂ ನೆನಪಿದೆ.

ಆದರೆ ಒಂದು ವ್ಯತ್ಯಾಸ. ನಮ್ಮ ಲ್ಯಾಬಿನಲ್ಲಿ ಉತ್ತರ ಎಷ್ಟು ಬರಬೇಕು ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ಸೀನಿಯರ್ ಅಕ್ಕಂದಿರ ರೆಕಾರ್ಡ್ ಪುಸ್ತಕ ನಮ್ಮ ಕೈಯಲ್ಲೇ ಇರುತ್ತಿತ್ತು. ಪೆಂಡ್ಯುಲಮ್ ಪ್ರಯೋಗದಲ್ಲಂತೂ ಗುರುತ್ವದ ಬೆಲೆ ಸರಿಯಾಗಿ 9.8 ಬರುವ ಹಾಗೆ ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಿದ್ದೆವು. ಯಾರೂ ಏನೂ ಅನ್ನಲಿಲ್ಲ, ಸಹಿ ಬಿತ್ತು. ಮಗಳಿಗೆ 2.7 ಬಂತು. 3 ಮಾಡಿಬಿಡು ಅಂತ ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು, ನಿಜ ಹೇಳುತ್ತೇನೆ. ಅವಳು ಒಂದು ಪುಟ ಬರೆದಳು: ಬಾಟಲಿ ತೆರೆದು ಎಷ್ಟು ದಿನವಾಗಿತ್ತು, ಪೆರಾಕ್ಸೈಡ್ ತನ್ನಷ್ಟಕ್ಕೆ ಒಡೆದು ನೀರು ಮತ್ತು ಆಮ್ಲಜನಕ ಆಗುವುದು, ಎರಡನೇ ಸಲ ತಾನು ಎಷ್ಟು ತೊಟ್ಟು ಜಾಸ್ತಿ ಬಿಟ್ಟೆ. ಆ ಪುಟಕ್ಕೇ ಮಾರ್ಕ್ಸ್ ಸಿಕ್ಕಿದ್ದು.

ಹಾಗಾಗಿ ಎಪಿ ಬೇಡ ಅನ್ನುವವಳಲ್ಲ ನಾನು. ನನ್ನ ತಕರಾರು ಎಣಿಕೆಯ ಬಗ್ಗೆ. ಇಂಥ ಒಂದು ಪುಟ ಬರೆಯಲಿಕ್ಕೆ ಒಂದು ಇಡೀ ಭಾನುವಾರ ಬೇಕು. ಐದು ಎಪಿ ಹೊತ್ತ ಹುಡುಗನಿಗೆ ಭಾನುವಾರ ಎಲ್ಲಿದೆ? ಅವನು ನಾವು ಮಾಡಿದ್ದನ್ನೇ ಮಾಡುತ್ತಾನೆ. ಹಳೇ ಉತ್ತರ ಹುಡುಕುತ್ತಾನೆ, ಹಿಂದಿನಿಂದ ರೀಡಿಂಗ್ ಬರೆಯುತ್ತಾನೆ. ನಮ್ಮ ಕಡೆಯ ಟ್ಯೂಷನ್ ಸೆಂಟರ್‌ಗಳು ಅದನ್ನೇ ಮಾರುತ್ತವೆ. ಒಂದು ಕಡೆ ವಿಚಾರಿಸಲು ಹೋದಾಗ "ವಾಕ್ಯಗಳ ಟೆಂಪ್ಲೇಟ್ ಕೊಡ್ತೀವಿ ಮೇಡಂ, ಬಾಯಿಪಾಠ ಮಾಡಿದ್ರೆ ಸಾಕು" ಅಂದರು. ಬಾಯಿಪಾಠ ತಪ್ಪಿಸಬೇಕು ಅಂತಲೇ ಬಯಾಲಜಿ, ಕೆಮಿಸ್ಟ್ರಿ ಸಿಲಬಸ್ಸುಗಳನ್ನು 2012–13ರ ಆಸುಪಾಸಿನಲ್ಲಿ ತಿದ್ದಿ ಬರೆದರು. ನಾವು ಅದಕ್ಕೂ ಬಾಯಿಪಾಠ ಹುಡುಕಿಕೊಂಡಿದ್ದೇವೆ. ಈ ವಿಷಯದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ ಬಿಡಿ.

"ಕಾಲೇಜ್ ಫೀಸ್ ಉಳಿಯುತ್ತಲ್ವಾ?" ಅಂತ ಕೇಳುತ್ತಾರೆ. ಕೆಲವು ಕಡೆ ಉಳಿಯುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ 3 ಬಂದರೂ ಕ್ರೆಡಿಟ್ ಕೊಡುತ್ತಾರೆ, ಅಂದರೆ ಅದನ್ನು ಡಿಗ್ರಿಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಆದರೆ ಕ್ಯಾಲ್‌ಟೆಕ್ ಕೊಡುವುದಿಲ್ಲ. 2014ರಲ್ಲಿ ಸೇರಿದ ಬ್ಯಾಚಿನಿಂದ ಡಾರ್ಟ್‌ಮತ್ ಕಾಲೇಜ್ ಕೂಡ ಡಿಗ್ರಿಗೆ ಎಣಿಸುವುದನ್ನು ನಿಲ್ಲಿಸಿತು. ಮೆಡಿಕಲ್ ಅಂತ ಕನಸು ಕಾಣುವವರು ಇನ್ನೊಂದು ತಿಳಿದಿರಲಿ: ಎಷ್ಟೋ ಮೆಡಿಕಲ್ ಕಾಲೇಜುಗಳು ಎಪಿ ಕೆಮಿಸ್ಟ್ರಿಯನ್ನು ಒಪ್ಪದೆ, ಕಾಲೇಜಿನಲ್ಲಿ ಮತ್ತೆ ಓದಿ ಬನ್ನಿ ಅನ್ನುತ್ತವೆ. ನಮಗೆ ಪರಿಚಯದ ಒಬ್ಬ ಹುಡುಗಿ 5 ತಗೊಂಡು ಮೊದಲ ಸೆಮಿಸ್ಟರಿನಲ್ಲೇ ನೇರ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಹಾರಿದಳು. ಅಕ್ಟೋಬರ್ ಹೊತ್ತಿಗೆ ಮನೆಗೆ ಫೋನ್ ಮಾಡಿ ಅತ್ತಳು.

ಐದು, ಆರು ಅಂತ ಲೆಕ್ಕ ಹಾಕುವುದೂ ಎಲ್ಲರ ಭಾಗ್ಯವಲ್ಲ. ಎಪಿ ಶುರುವಾದದ್ದೇ 1950ರ ದಶಕದಲ್ಲಿ, ಕೆಲವೇ ದೊಡ್ಡ ಖಾಸಗಿ ಶಾಲೆಗಳ ಮಕ್ಕಳು ಹಾರ್ವರ್ಡ್, ಯೇಲ್‌ಗೆ ಹೋಗಿ ಓದಿದ್ದನ್ನೇ ಮತ್ತೆ ಓದಬಾರದು ಅಂತ. ಈಗಲೂ ಹಳ್ಳಿ ಕಡೆಯ ಸಣ್ಣ ಹೈಸ್ಕೂಲುಗಳಲ್ಲಿ ಎಪಿ ಫಿಸಿಕ್ಸ್ ಇರದೆ ಹೋಗಬಹುದು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ನಮ್ಮ ಬೇ ಏರಿಯಾದಲ್ಲಿ ಕೂತು ಎರಡೇನಾ ಅನ್ನುವಾಗ ಅದು ಯಾರಿಗೂ ನೆನಪಾಗುವುದಿಲ್ಲ.

ಈಗ ಮಗನ ಸರದಿ. ಮುಂದಿನ ವರ್ಷದ ವಿಷಯ ಆರಿಸಿ ಫಾರಂ ಕೊಡಲು ಶುಕ್ರವಾರ ಕೊನೆ ದಿನ. ಅವನಿಗೆ ಬೇಕಾದದ್ದು ಎನ್ವಿರಾನ್‌ಮೆಂಟಲ್ ಸೈನ್ಸ್ ಒಂದೇ. ಮನೆ ಹಿಂದಿನ ಹಳ್ಳದ ನೀರಿನಲ್ಲಿ ಏನೇನಿದೆ ಅಂತ ನೋಡಬೇಕಂತೆ. ಊಟದ ಸಾಲಿನಲ್ಲಿ ಅದನ್ನೂ ಹೇಳಿದೆ. "ಅದು ಈಸಿ ಎಪಿ ಕಣ್ರೀ, ಲೆಕ್ಕಕ್ಕೇ ಇಲ್ಲ" ಅಂದರು. ಅಷ್ಟರಲ್ಲಿ ಹೋಳಿಗೆ ಬಂತು. ಎರಡು ಹಾಕಿಸಿಕೊಂಡೆ. ಮನೆಗೆ ಬಂದು ಫಾರಂಗೆ ಸಹಿ ಹಾಕಿದೆ.