ಗಾಳಿಗೆ ರಜೆ ಅರ್ಜಿ ಗೊತ್ತಿಲ್ಲ

ಹಾಯಿದೋಣಿಯವರ ಲೆಕ್ಕ ಕಾಗದದ ಮೇಲೆ ಬಲು ಚೆಂದ. ವೇಗ 5 ನಾಟ್, ಅಂದರೆ ತಾಸಿಗೆ 5 ನಾಟಿಕಲ್ ಮೈಲಿ, ದಿನಕ್ಕೆ 120, 600 ಮೈಲಿಗೆ ಐದೇ ದಿನ. ಒಂಬತ್ತು ದಿನ ರಜೆಯಿದೆ, ನಾಲ್ಕು ದಿನ ಉಳಿತಾಯ! ಅಷ್ಟು ನಂಬಿ ಹೆಂಡತಿ ಮಕ್ಕಳಿಗೆ ಅತ್ತ ಕಡೆಯ ಬಂದರಿನಲ್ಲಿ ಹೋಟೆಲ್ ಕೂಡ ಬುಕ್ ಆಗುತ್ತದೆ. ಎಲ್ಲರ ಒಪ್ಪಿಗೆಯೂ ಸಿಕ್ಕಿರುತ್ತದೆ, ಗಾಳಿಯದೊಂದು ಬಿಟ್ಟು.

ಗಾಳಿ ಎದುರಿನಿಂದ ಬಂದರೆ ದೋಣಿ ನೇರ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತಾ ಸಾಗಬೇಕು. 600 ಮೈಲಿ 850 ಆಯಿತು. ಎದುರಲೆ ವೇಗವನ್ನು 4 ನಾಟ್‌ಗೆ ಇಳಿಸಿತೆನ್ನಿ, ಐದು ದಿನ ಒಂಬತ್ತಾಯಿತು. ಗಾಳಿಯೇ ಬೀಸದಿದ್ದರೆ ಎಂಜಿನ್ ಇದೆಯಲ್ಲ? ಇದೆ. 5 ನಾಟ್ ವೇಗದಲ್ಲಿ ತಾಸಿಗೆ 3 ಲೀಟರ್ ಡೀಸೆಲ್ ಕುಡಿದರೆ 150 ಲೀಟರಿನ ಟ್ಯಾಂಕು 250 ಮೈಲಿಗೆ ಬರಿದು. ಅದಕ್ಕೂ ಮೊದಲೇ ಅಲೆಯ ಕುಲುಕಾಟಕ್ಕೆ ಟ್ಯಾಂಕಿನ ತಳದ ಗಸಿ ಎದ್ದು ಫಿಲ್ಟರ್ ಕಟ್ಟಿಕೊಳ್ಳಬಹುದು. ಹಾಗೆ ಕಟ್ಟಿಕೊಳ್ಳಲು ಫಿಲ್ಟರಿಗೆ ಇಷ್ಟವಾದ ಜಾಗ ಬಂದರಿನ ಬಾಯಿ. ಬಿಡಿ ಫಿಲ್ಟರ್ ಮೂರಾದರೂ ಇರಲಿ.

ವಾಕರಿಕೆಯ ಗುಳಿಗೆಯನ್ನು ಹೊರಡುವ ಮುಂಚೆಯೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಮೀನುಗಳ ಪಾಲು. ಹೆಚ್ಚಿನವರ ಹೊಟ್ಟೆ ಸಮುದ್ರಕ್ಕೆ ಒಗ್ಗಲು ಎರಡು ಮೂರು ದಿನ ಬೇಕು. ವಾರದ ರಜೆಯವರಿಗೆ ಅರ್ಧ ರಜೆ ಬಕೆಟ್ಟಿನ ಸಾನ್ನಿಧ್ಯದಲ್ಲೇ.

ಈಗ ಹಡಗಿನಿಂದಲೇ ಕೆಲಸ ಮಾಡುವ ಉತ್ಸಾಹಿಗಳಿಗೆ ಬರೋಣ. ಉಪಗ್ರಹ ಇಂಟರ್ನೆಟ್‌ನ ತಟ್ಟೆಗೆ 60 ವ್ಯಾಟ್ ಬೇಕೆಂದರೆ 12 ವೋಲ್ಟ್ ಬ್ಯಾಟರಿಯಿಂದ 5 ಆಂಪಿಯರ್. ಎಂಟು ತಾಸಿನ ಕಚೇರಿಗೆ 40 ಆಂಪಿಯರ್-ಅವರ್. ಅದೇ ಬ್ಯಾಟರಿಯಿಂದ ಫ್ರಿಜ್ಜು, ತಾನೇ ಚುಕ್ಕಾಣಿ ಹಿಡಿಯುವ ಆಟೋಪೈಲಟ್ಟು ಕೂಡ ಉಣ್ಣುತ್ತವೆ. ಮೋಡ ಕವಿದ ದಿನ ಸೌರಫಲಕ ಮುಷ್ಕರ ಹೂಡುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬಾಸ್ "ಒಂದೇ ನಿಮಿಷ" ಎಂದಾಗಲೇ ಆಟೋಪೈಲಟ್ ಕೈಬಿಡುತ್ತದೆ. ಅಟ್ಲಾಂಟಿಕ್ ದಾಟಿ ಪಶ್ಚಿಮಕ್ಕೆ ಹೋಗುವವರಿಗೆ ಇನ್ನೊಂದು ಉಡುಗೊರೆ: 15 ಡಿಗ್ರಿ ರೇಖಾಂಶಕ್ಕೆ ಒಂದು ತಾಸಿನಂತೆ ಗಡಿಯಾರ ಹಿಂದೆ ಸರಿದು, ಬೆಳಗಿನ 10ರ ಮೀಟಿಂಗ್ ಕೆನರಿ ದ್ವೀಪಗಳಿಂದ ಕೆರಿಬಿಯನ್ ತಲುಪುವಷ್ಟರಲ್ಲಿ 6ಕ್ಕೆ ಬಂದು ನಿಲ್ಲುತ್ತದೆ. ರಾತ್ರಿಪಾಳಿ ಆಗಷ್ಟೇ ಮುಗಿದಿರುತ್ತದೆ.

ಮನೆಯವರ ಪಾಡು ಬೇರೆ. ದೋಣಿ ಎಲ್ಲಿದೆಯೆಂದು ನಕ್ಷೆಯ ಮೇಲೆ ನಾಲ್ಕು ತಾಸಿಗೊಂದು ಚುಕ್ಕಿ ಮೂಡುತ್ತಿರುತ್ತದೆ. ಒಂದು ತಪ್ಪಿತೋ, ಮನೆ ಸೂತಕದ ಮನೆ. ಕಾರಣ ಹುಡುಕಿದರೆ ಆ ಚುಕ್ಕಿ ಕಳಿಸುವ ಟ್ರ್ಯಾಕರ್ ಮೇಲೆ ಯಾರೋ ಒದ್ದೆ ಟವೆಲ್ ಒಣಹಾಕಿದ್ದಾರೆ, ಇಲ್ಲವೇ ಚಾರ್ಜಿಂಗ್ ವೈರು ಕಳಚಿದೆ. ಎಷ್ಟು ತಾಸು ಚುಕ್ಕಿ ಕಾಣದಿದ್ದರೆ ಸುಮ್ಮನಿರಬೇಕು, ಯಾವಾಗ ಕಡಲ ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡಬೇಕು ಎಂದು ಕಾಗದದಲ್ಲಿ ಬರೆದಿಟ್ಟು ಹೊರಡುವುದು ಲೇಸು. ಉಪಗ್ರಹದ ಮೂಲಕ ರಕ್ಷಣಾ ಕೇಂದ್ರವನ್ನು ಕರೆಯುವ 406 ಮೆಗಾಹರ್ಟ್ಸ್‌ನ ಆಪತ್ತು ಬೀಕನ್ ನೋಂದಾಯಿಸುವಾಗ ತುರ್ತು ಸಂಪರ್ಕಕ್ಕೆ ಸ್ವಂತ ಮೊಬೈಲ್ ನಂಬರ್ ಕೊಡುವ ಮಹನೀಯರೂ ಇದ್ದಾರೆ. ದೋಣಿ ಮುಳುಗುತ್ತಿದೆಯೇ ಎಂದು ಕೇಳಲು ಕೇಂದ್ರದವರು ಫೋನ್ ಮಾಡಿದರೆ ಅದು ಮುಳುಗುತ್ತಿರುವ ದೋಣಿಯಲ್ಲೇ ರಿಂಗಾಗಬೇಕು.

ನಮ್ಮ ಸಲಹೆ ಸರಳ: ಮನೆಯವರಿಗೆ ಊರು ಹೇಳಿ, ಇಲ್ಲವೇ ತಾರೀಖು ಹೇಳಿ, ಎರಡನ್ನೂ ಹೇಳಬೇಡಿ. ವಾಪಸ್ ಟಿಕೆಟ್ಟು ದೋಣಿಯನ್ನು ಬಂದರಿಗೆ ಹಗ್ಗ ಕಟ್ಟಿ ನಿಲ್ಲಿಸಿದ ಮೇಲೆ. ಉದ್ದ ಪಯಣವನ್ನು ತುಂಡು ಮಾಡಿ, ನಡುವೆ ದೋಣಿಯನ್ನು ಬಂದರಿನಲ್ಲಿ ಬಿಟ್ಟು ವಿಮಾನ ಹತ್ತಿ. ಬಿಡುವ ಮುನ್ನ ಹಾಯಿ ಇಳಿಸಿ, ತಳದ ನೀರಿನ ಕವಾಟಗಳನ್ನೆಲ್ಲ ಮುಚ್ಚಿ. ಒಳಗೆ ಸೇರಿದ ನೀರೆತ್ತುವ ಪಂಪಿನ ಸ್ವಿಚ್ ಮಾತ್ರ ಆರಿಸಬೇಡಿ. ಎಂಜಿನ್ ಕೀಲಿಯನ್ನು, ಎಂಜಿನ್ ತಂಪಾಗಿಸುವ ನೀರಿನ ಕವಾಟದ ಹಿಡಿಗೇ ನೇತುಹಾಕಿ. ಇಲ್ಲದಿದ್ದರೆ ಮುಂದಿನ ರಜೆಯ ಮೊದಲ ಬೆಳಗ್ಗೆ ಕವಾಟ ಮರೆತು ಎಂಜಿನ್ ಚಾಲೂ ಮಾಡುತ್ತೀರಿ, ಆ ನೀರು ಎಳೆಯುವ ಪಂಪಿನೊಳಗಿನ ರಬ್ಬರ್ ಚಕ್ರ, ಅಂದರೆ ಇಂಪೆಲರ್, ನಿಮಿಷಗಳಲ್ಲೇ ಸುಟ್ಟು ಚೂರಾಗುತ್ತದೆ, ಆ ಚೂರುಗಳನ್ನು ಪೈಪಿನಿಂದ ಹೆಕ್ಕುವುದರಲ್ಲೇ ಒಂದು ದಿನ ರಜೆ ಖರ್ಚು.