ಬುರ್ಸಾ ಟೂರಿನಲ್ಲಿ ಅಂಗಡಿಗೆ ಯಾಕೆ ಅಷ್ಟು ಹೊತ್ತು?

ಇಸ್ತಾಂಬುಲ್ ನೋಡಲು ಹೋಗುವ ನಮ್ಮವರು ಈಗೀಗ ಟರ್ಕಿಯದೇ ಇನ್ನೊಂದು ಊರಾದ ಬುರ್ಸಾಗೂ ಒಂದು ದಿನ ಎತ್ತಿಡುತ್ತಾರೆ. ಒಳ್ಳೆಯದೇ. ಮುಂದೆ ಇಸ್ತಾಂಬುಲ್‌ನಿಂದ ಆಳಿದ ಒಟ್ಟೊಮನ್ ಸುಲ್ತಾನರ ಮೊದಲ ದೊಡ್ಡ ರಾಜಧಾನಿ ಅದು. 1326ರಲ್ಲಿ ಓರ್ಹಾನ್ ಆ ಊರನ್ನು ಗೆದ್ದ. ಆ ಮನೆತನವನ್ನು ಶುರು ಮಾಡಿದ ಅವನ ಅಪ್ಪ ಉಸ್ಮಾನನ ಗೋರಿಯೂ ಅಲ್ಲೇ ಇದೆ. ಇಸ್ತಾಂಬುಲ್ ಅವರ ಕೈಗೆ ಬರಲು ಆಮೇಲೆ ನೂರಕ್ಕೂ ಜಾಸ್ತಿ ವರ್ಷ ಹಿಡಿಯಿತು. ನಾನಿರುವುದು ಜರ್ಮನಿಯಲ್ಲಿ. ಇಲ್ಲಿನ ಟರ್ಕಿ ಮೂಲದ ನೆರೆಯವರು ಹೇಳಿ ಹೇಳಿ ನನ್ನನ್ನು ಬುರ್ಸಾಗೆ ಹೊರಡಿಸಿದರು. ಹೋಗಿ ಬಂದ ಮೇಲೆ ಅನಿಸಿದ್ದಿಷ್ಟು: ಊರು ಚೆನ್ನ, ಗೈಡ್ ಚೆನ್ನ, ಆದರೆ ದಿನದ ಒಳ್ಳೆಯ ಹೊತ್ತೆಲ್ಲ ಅಂಗಡಿಯವರ ಪಾಲಾಗುತ್ತದೆ.

ಮೊದಲು ಗೈಡ್ ವಿಷಯ. ಟರ್ಕಿಯಲ್ಲಿ ಲೈಸೆನ್ಸ್ ಇಲ್ಲದೆ ಗೈಡ್ ಕೆಲಸ ಮಾಡುವ ಹಾಗಿಲ್ಲ. ಬೆಳಗ್ಗೆ ಬಸ್ಸು ಹತ್ತಿದ ಗೈಡ್ ರಾತ್ರಿ ನಿಮ್ಮನ್ನು ಇಳಿಸುವವರೆಗೂ ಜೊತೆಗಿರುತ್ತಾರೆ. ಉಸ್ಮಾನನ ಹೆಸರಿಟ್ಟು 2016ರಲ್ಲಿ ತೆರೆದ ಉಸ್ಮಾನ್‌ಗಾಜಿ ಸೇತುವೆ ದಾಟುವಾಗ ಶುರುವಾದ ಕತೆ ಅವನ ಗೋರಿಯ ಮುಂದೆ ಮುಂದುವರಿಯುತ್ತದೆ. ನಮ್ಮಲ್ಲಿ ಬೆಂಗಳೂರಿಂದ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಅಂತ ಒಂದೇ ದಿನಕ್ಕೆ ಹೊರಟರೆ ಹೀಗಲ್ಲ. ಹೆಚ್ಚಾಗಿ ಒಂದೊಂದು ಜಾಗದಲ್ಲೂ ಅಲ್ಲಿನವರನ್ನೇ ಗೊತ್ತು ಮಾಡಿಕೊಳ್ಳಬೇಕು. ಹಳೇಬೀಡಿನಲ್ಲಿ ಕೇಳಿದ್ದಕ್ಕೂ ಬೇಲೂರಿನಲ್ಲಿ ಕೇಳಿದ್ದಕ್ಕೂ ಕೊಂಡಿ ಹಾಕುವವರು ಯಾರೂ ಇರುವುದಿಲ್ಲ. ಈ ಒಂದು ವಿಷಯದಲ್ಲಿ ಟರ್ಕಿಯವರ ಪದ್ಧತಿಯೇ ಮೇಲು ಅಂತ ನನಗನಿಸುತ್ತದೆ.

ಆದರೆ ಬೇಲೂರಿನ ಗೈಡ್ ಒಂದು ಮದನಿಕೆಯ ಮುಂದೆ ನಿಂತರೆ ಸುಲಭಕ್ಕೆ ಕದಲುವುದಿಲ್ಲ. ಬಳೆ ತೋರಿಸುತ್ತಾರೆ, ಕನ್ನಡಿ ತೋರಿಸುತ್ತಾರೆ, ಕಾಲ ಬಳಿಯ ಪುಟ್ಟ ಆಳುಗಳನ್ನು ತೋರಿಸುತ್ತಾರೆ. ಬುರ್ಸಾದ ಗೈಡ್‌ಗೆ ಗೊತ್ತಿಲ್ಲ ಅಂತಲ್ಲ, ಅವರಿಗೆ ಹೊತ್ತೇ ಕೊಟ್ಟಿರುವುದಿಲ್ಲ. ನಾವು ಹೋದ ದಿನ ಸಿಹಿತಿಂಡಿ ಅಂಗಡಿ, ಚರ್ಮದ ಜಾಕೆಟ್ ಅಂಗಡಿ, ಊಟ, ಉಲುದಾಗ್ ಬೆಟ್ಟದ ರೋಪ್‌ವೇ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದುಹೋಗಿತ್ತು. ಹಸಿರು ಮಸೀದಿಯ ಗೋಡೆಯ ಬಣ್ಣದ ಹೆಂಚುಗಳ ಮುಂದೆ ನಿಂತು ಮಾತು ಶುರು ಮಾಡಿದ್ದ ನಮ್ಮ ಗೈಡ್ ಹೆಣ್ಣುಮಗಳು ಮಧ್ಯದಲ್ಲೇ ಗಡಿಯಾರ ನೋಡಿಕೊಂಡು ನಿಲ್ಲಿಸಿದರು. ನನಗೆ ಪಾಪ ಅನಿಸಿತು.

ಉಲು ಜಾಮಿಗೆ ಮಾತ್ರ ಎಲ್ಲರೂ ಕರೆದೊಯ್ಯುತ್ತಾರೆ. 1399ರ ಹೊತ್ತಿಗೆ ಮುಗಿದ ಮಸೀದಿ, ಇಪ್ಪತ್ತು ಗುಮ್ಮಟ. ಯುದ್ಧ ಗೆದ್ದರೆ ಇಪ್ಪತ್ತು ಮಸೀದಿ ಕಟ್ಟಿಸುತ್ತೇನೆಂದು ಹರಕೆ ಹೊತ್ತ ಸುಲ್ತಾನ ಮೊದಲನೇ ಬಾಯಜೀದ್, ಇಪ್ಪತ್ತು ಗುಮ್ಮಟದ ಒಂದನ್ನು ಕಟ್ಟಿಸಿದ ಅಂತ ಕತೆ. ಕೈಕಾಲು ತೊಳೆಯುವ ಕಾರಂಜಿ ಮಸೀದಿಯ ಒಳಗೇ ಇದೆ. ಅದರ ಮೇಲಿನ ಗಾಜಿನ ಗುಮ್ಮಟದಿಂದ ಬೆಳಕು ಬೀಳುತ್ತದೆ.

ಪಕ್ಕದಲ್ಲೇ ಇರುವ ಕೋಜಾ ಹಾನ್ ಅನ್ನು ಓಡಿಕೊಂಡು ನೋಡಿಸುತ್ತಾರಲ್ಲ, ಅದೇ ನನ್ನ ದೂರು. ಕನ್ನಡಿಗರು ಆ ಊರಿನಲ್ಲಿ ಅರ್ಧ ದಿನ ಕೂರಬೇಕಾದ ಜಾಗ ಅದು. 1491ರಲ್ಲಿ ಎರಡನೇ ಬಾಯಜೀದ್ ಕಟ್ಟಿಸಿದ ಎರಡಂತಸ್ತಿನ ಛತ್ರ. ನಡುವೆ ಅಂಗಳ, ಅಂಗಳದ ನಡುವೆ ಕಂಬಗಳ ಮೇಲೆ ನಿಂತ ಪುಟಾಣಿ ಮಸೀದಿ, ಅದರ ಕೆಳಗೆ ಕಾರಂಜಿ. ಇರಾನಿನಿಂದ ಒಂಟೆಗಳ ಮೇಲೆ ಬುರ್ಸಾಗೆ ಬರುತ್ತಿದ್ದ ಕಚ್ಚಾ ರೇಷ್ಮೆ ಕೊಳ್ಳಲು ಇಟಲಿಯ ವ್ಯಾಪಾರಿಗಳು ಕಾದಿರುತ್ತಿದ್ದರು. ಮುಂದೆ ಸುತ್ತಲಿನ ಹಳ್ಳಿಗಳವರೇ ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡು ಹೊತ್ತು ಈ ಅಂಗಳಕ್ಕೆ ತರತೊಡಗಿದರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಟ್ರೇಗಳಲ್ಲಿ ಗೂಡು ಹರವಿ ರೇಟಿಗೆ ಕಾದು ನಿಲ್ಲುವ ರೈತರನ್ನು ಕಂಡವರಿಗೆ ಈ ಅಂಗಳವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ರೇಷ್ಮೆ ಹುಳು ಸಾಕಣೆಗೆ ಒತ್ತು ಕೊಟ್ಟ ಟಿಪ್ಪು 1786ರಲ್ಲಿ ಇದೇ ಒಟ್ಟೊಮನ್ ಮನೆತನದ ಆಗಿನ ಸುಲ್ತಾನನ ಬಳಿಗೆ ರಾಯಭಾರಿಗಳನ್ನು ಕಳಿಸಿದ್ದ. ಬುರ್ಸಾದಲ್ಲಿ ಈಗ ಗೂಡಿನ ಸಂತೆ ಇಲ್ಲ. ಊರಿನ ಅನ್ನ ಕಾರಿನ ಕಾರ್ಖಾನೆಗಳಿಂದ ಬರುತ್ತದೆ. ಹಾನ್‌ನ ಕೋಣೆಗಳಲ್ಲಿ ರೇಷ್ಮೆ ಸ್ಕಾರ್ಫ್ ಮಾರುತ್ತಾರೆ, ಅಂಗಳದಲ್ಲಿ ಚಹಾ ಕೊಡುತ್ತಾರೆ. ಕೊಳ್ಳಲೇಬೇಕು ಅಂತಿದ್ದರೆ ಇಲ್ಲೇ ಕೊಳ್ಳಬಹುದಲ್ವಾ?

ಇನ್ನು ಮುರಾದಿಯೆ. ಎಷ್ಟೋ ಟೂರುಗಳ ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಆಮೇಲೊಮ್ಮೆ ನಾನೇ ಹೋಗಿ ನೋಡಿದೆ. ಹಳೆಯ ಮರಗಳ ತೋಟದಲ್ಲಿ ಸುಲ್ತಾನರ ಮನೆಯವರ ಹನ್ನೆರಡು ಗೋರಿಮನೆಗಳು. ಒಂದರಲ್ಲಿ ಇಸ್ತಾಂಬುಲ್ ಗೆದ್ದವನ ಅಪ್ಪ, 1451ರಲ್ಲಿ ತೀರಿಕೊಂಡ ಎರಡನೇ ಮುರಾದ್ ಇದ್ದಾನೆ. ನನ್ನ ಮೇಲೆ ಮಳೆ ಬೀಳಲಿ ಅಂತ ಅವನು ಉಯಿಲು ಬರೆಸಿದ್ದ. ಅದಕ್ಕೇ ಗುಮ್ಮಟದ ನಡುವೆ ತೆರವು ಬಿಟ್ಟಿದ್ದಾರೆ. ಕೆಳಗೆ ಅಮೃತಶಿಲೆಯ ಚೌಕಟ್ಟು, ಒಳಗೆ ಬರೀ ಮಣ್ಣು. ಮೇಲೆ ಚಿನ್ನದ ಕುಸುರಿ ಇಲ್ಲ, ಹೆಂಚಿನ ಹೊಳಪೂ ಇಲ್ಲ. ಅಷ್ಟು ದೊಡ್ಡ ದೊರೆ ಹೀಗೆ ಮಲಗಿರುವುದನ್ನು ನೋಡಿ ಬಹಳ ಹೊತ್ತು ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಬುರ್ಸಾವರೆಗೆ ಬಂದು ಇದನ್ನು ನೋಡದೆ, ಜಾಕೆಟ್‌ಗೆ ರೇಟು ಕೇಳಿಕೊಂಡು ಹೋಗುವುದು ನನಗೆ ನಿಜಕ್ಕೂ ಸಂಕಟದ ಮಾತು.

ಅಂಗಡಿಗಳು ಯಾಕೆ ಬರುತ್ತವೆ ಅನ್ನುವುದು ಗುಟ್ಟೇನಲ್ಲ. ಅಗ್ಗದ ಟಿಕೆಟ್ಟಿನ ಕೊರತೆಯನ್ನು ಕಮಿಷನ್ ತುಂಬುತ್ತದೆ. ಮೈಸೂರು ನೋಡಲು ಬಂದವರನ್ನೂ ಎಷ್ಟೋ ಗಾಡಿಗಳು ಹೀಗೇ ಸೀರೆ, ಗಂಧದ ಅಂಗಡಿಗಳಿಗೆ ತಿರುಗಿಸುತ್ತವೆ. ತಪ್ಪು ಗೈಡ್‌ದಲ್ಲ, ಅಗ್ಗದ್ದೇ ಬೇಕು ಅನ್ನುವ ನಮ್ಮದೂ ಇದೆ. ನಮ್ಮ ಗುಂಪುಗಳು ಟೂರು ಆರಿಸುವಾಗ ಮೊದಲು ನೋಡುವುದು ರೇಟು, ಆಮೇಲೆ ರೋಪ್‌ವೇ. ಸ್ವಲ್ಪ ಜಾಸ್ತಿ ಕೊಟ್ಟು ಅಂಗಡಿ ಇಲ್ಲದ ಟೂರು ಕೇಳೋಣ. ಮುರಾದಿಯೆ ಇದೆಯಾ, ಕೋಜಾ ಹಾನ್‌ನಲ್ಲಿ ಎಷ್ಟು ಹೊತ್ತು ಅಂತ ಬುಕ್ ಮಾಡುವ ಮೊದಲೇ ಕೇಳಿ. ಕೇಳುವವರು ಜಾಸ್ತಿಯಾದರೆ ಪಟ್ಟಿ ತಾನಾಗಿ ಬದಲಾಗುತ್ತದೆ.

ಸಸ್ಯಾಹಾರಿಗಳು ಊಟದ ವಿಷಯವನ್ನೂ ಮೊದಲೇ ಹೇಳಿಬಿಡಿ. ಇಸ್ಕೆಂದರ್ ಕಬಾಬ್ ಹುಟ್ಟಿದ ಊರಾದ್ದರಿಂದ ಟೂರಿನ ಊಟ ಸಾಮಾನ್ಯವಾಗಿ ಅದರ ಸುತ್ತಲೇ. ಎಳ್ಳಿನ ಪೇಸ್ಟ್ ಹಾಕಿ ಸುಟ್ಟ ಸಿಹಿ ರೊಟ್ಟಿ, ತಾಹಿನ್ಲಿ ಪಿದೆ, ಅಲ್ಲಿಯದೇ ವಿಶೇಷ. ಹೊಟ್ಟೆ ತುಂಬುತ್ತದೆ.

ಟೂರೇ ಬೇಡ ಅನ್ನುವವರಿಗೂ ದಾರಿ ಇದೆ. ಇಸ್ತಾಂಬುಲ್‌ನಿಂದ ಬುರ್ಸಾ ಹತ್ತಿರದ ಬಂದರು ಮುದಾನ್ಯಾಗೆ ವೇಗದ ದೋಣಿ ಇದೆ, ಸುಮಾರು ಎರಡು ಗಂಟೆ. ಅಲ್ಲಿಂದ ಬಸ್ಸು, ಮೆಟ್ರೊ. ಬುರ್ಸಾದಲ್ಲೇ ಲೈಸೆನ್ಸ್ ಇರುವ ಗೈಡ್ ಒಬ್ಬರನ್ನು ಅರ್ಧ ದಿನಕ್ಕೆ ಮೊದಲೇ ಗೊತ್ತು ಮಾಡಿಕೊಳ್ಳಿ, ನಾಲ್ಕು ಜನ ಸೇರಿ ಹಂಚಿಕೊಂಡರೆ ದುಬಾರಿಯೂ ಅನಿಸುವುದಿಲ್ಲ.